ಸೊಸೆ ಕೂತರೆ ನಡುಗುವ ಕಾರು

ಗ್ಯಾರೇಜು ಇಟ್ಟವನ ಬಾಳಿನಲ್ಲಿ ಒಂದು ಸಂಗತಿ ಮಾತ್ರ ತಪ್ಪುವುದಿಲ್ಲ. ದಾರಿಯುದ್ದಕ್ಕೂ ಕೆಮ್ಮಿ, ಕುಂಟಿ, ಮೈಯೆಲ್ಲ ಒದರಿಕೊಂಡು ಬಂದ ಗಾಡಿ ನಮ್ಮ ಬಾಗಿಲಿಗೆ ಬಂದ ಕೂಡಲೇ ಗಪ್‌ಚಿಪ್ಪಾಗಿ ನಿಂತುಬಿಡುತ್ತದೆ. ಮಾಲೀಕ ಬೆಪ್ಪನಂತೆ ನಿಲ್ಲುತ್ತಾನೆ. ನಾನು ಅವನಿಗಿಂತ ದೊಡ್ಡ ಬೆಪ್ಪನಂತೆ ಬಾನೆಟ್ಟಿನೊಳಗೆ ತಲೆ ಹಾಕುತ್ತೇನೆ. ಇಂಥವು ಎಷ್ಟೋ ಆಗಿವೆ, ಬಹುಪಾಲು ಮರೆತೂ ಹೋಗಿವೆ. ಆದರೆ ಗಿರಣಿ ಅಮ್ಮಾರ ಕಾರಿನ ವಿಷಯ ನೆನೆದರೆ ಇವತ್ತಿಗೂ ನನಗೆ ನಗು ಬರುವ ಮೊದಲು ಬೆನ್ನಿನಲ್ಲಿ ಒಂದು ಸಣ್ಣ ಚಳಿ ಹರಿಯುತ್ತದೆ.

ಮುಳ್ಳು ಎಂಬತ್ತಕ್ಕೆ ಬಂದರೆ

ಎಪ್ಪತ್ತರ ದಶಕ ಮುಗಿಯುತ್ತಿದ್ದ ಕಾಲ. ಚನ್ನಗಿರಿಯಲ್ಲಿ ಬಸ್ ಸ್ಟ್ಯಾಂಡಿನ ಹಿಂದೆ ನನ್ನ ಗ್ಯಾರೇಜು. ಊರಲ್ಲಿ ಕಾರು ಇಟ್ಟವರು ಬೆರಳೆಣಿಕೆಯ ಮಂದಿ, ಅವರಲ್ಲಿ ಗಿರಣಿ ಅಮ್ಮಾರು ಒಬ್ಬರು. ಯಜಮಾನರು ತೀರಿಕೊಂಡ ಮೇಲೆ ಭತ್ತದ ಗಿರಣಿಯನ್ನು ಒಬ್ಬರೇ ನಡೆಸುತ್ತಿದ್ದ ಗಟ್ಟಿ ಹೆಂಗಸು. ಗಿರಣಿಯ ಸದ್ದಿನಲ್ಲಿ ಮಾತಾಡಿ ಮಾತಾಡಿ ಅವರ ದನಿ ಹೇಗಾಗಿತ್ತೆಂದರೆ, ಮನೆಯಲ್ಲಿ ಉಪ್ಪು ಕೇಳಿದರೂ ಬೀದಿಯವರು ತಿರುಗಿ ನೋಡುತ್ತಿದ್ದರು. ಅವರಿಗೆ ಒಬ್ಬನೇ ಮಗ. ಕಾರು ಓಡಿಸುವವನು ಅವನೇ.

ಆ ಮಗ ಒಂದು ದಿನ ಕಾರು ತಂದು ನಿಲ್ಲಿಸಿ, "ಮಿಸ್ತ್ರಿ, ಗಾಡಿ ನಡುಗ್ತೈತೆ" ಅಂದ.

"ಯಾವಾಗ?"

"ಹೈವೇದಾಗೆ. ಮುಳ್ಳು ಎಂಬತ್ತಕ್ಕೆ ಬಂದಾಗ."

"ಯಾವಾಗ್ಲೂನಾ?"

ಅವನು ಆಚೀಚೆ ನೋಡಿ ದನಿ ತಗ್ಗಿಸಿದ. "ಇಲ್ಲ. ನಮ್ಮನೆಯವಳು ಕುಂತಾಗ ಮಾತ್ರ."

ಅವನಿಗೆ ಆ ವರ್ಷವೇ ಜಗಳೂರಿನ ಹೆಣ್ಣಿನೊಂದಿಗೆ ಮದುವೆಯಾಗಿತ್ತು. ಮದುವೆ ಮುಗಿಸಿ ಹೆಣ್ಣನ್ನು ಕರೆದುಕೊಂಡು ಬರುವ ದಿನವೇ ಕಾರು ಮೊದಲ ಸಲ ನಡುಗಿತ್ತು. ಆಮೇಲೆ ಯುಗಾದಿಗೆಂದು ಅವಳನ್ನು ತವರಿಗೆ ಕಳಿಸಲು ಹೊರಟರು. ದಾವಣಗೆರೆ ದಾಟಿ ಜಗಳೂರು ರಸ್ತೆಯಲ್ಲಿ ಒಂದು ಒಂಟಿ ಬೇವಿನ ಮರ ಬರುತ್ತದೆ. ಅಲ್ಲಿಗೆ ಬರುವಷ್ಟರಲ್ಲಿ ಮತ್ತೆ ಅದೇ ನಡುಕ. ಮೊದಲು ಸೀಟಿನ ಕೆಳಗೆ ಯಾರೋ ಗೊಣಗಿದ ಹಾಗೆ ಸದ್ದು, ಆಮೇಲೆ ಬಾಗಿಲು, ಆಮೇಲೆ ಗಾಜು, ಆಮೇಲೆ ಕೂತವರ ಹಲ್ಲು. ಅಮ್ಮಾರು ಮಗನಿಗೆ ಹೇಳಿ ಗಾಡಿ ತಿರುಗಿಸಿದರು. ವಾಪಸು ಬಂದು ಅಂಗಳದಲ್ಲೇ ಅಂದರಂತೆ, "ಇದು ಗಾಡಿ ನಡುಕ ಅಲ್ಲ, ಕಾಲ್ಗುಣ."

ಹೊಸ ಸೊಸೆ ಬಂದ ಮನೆಯಲ್ಲಿ ಎಮ್ಮೆ ಹಾಲು ಕೊಟ್ಟರೂ ಅವಳ ಕಾಲ್ಗುಣ, ಒದ್ದರೂ ಅವಳ ಕಾಲ್ಗುಣ. ಈ ಪಾಪದ ಹುಡುಗಿಯ ಪಾಲಿಗೆ ಬಂದದ್ದು ಒಂದು ಕಾರು. ಅದರ ನಡುಕ ನಿಲ್ಲುವ ತನಕ ಅವಳಿಗೆ ತವರು ದಾರಿ ಬಂದ್. ಬಸ್ಸಿಗೆ ಹತ್ತಿಸಿ ಕಳಿಸಿ ಎಂದರೆ ಅಮ್ಮಾರು, "ಮನೇಲಿ ಕಾರು ಇಟ್ಕಂಡು ಸೊಸೇನ ಬಸ್ಸಿನಾಗೆ ಕಳಿಸಿದ್ರೆ ಬೀಗರು ಏನಂತಾರೆ?" ಎಂದು ಬಾಯಿ ಮುಚ್ಚಿಸಿದ್ದರು.

ನಾನು ಆ ಮಗನನ್ನು ಪಕ್ಕದಲ್ಲಿ ಕೂರಿಸಿಕೊಂಡು ದಾವಣಗೆರೆ ಹೆದ್ದಾರಿಯ ತನಕ ಹೋದೆ. ಎಂಬತ್ತು ಹೊಡೆದೆ, ತೊಂಬತ್ತು ಹೊಡೆದೆ. ಕಾರು ನೀರ ಮೇಲೆ ತೇಲಿದ ಹಾಗೆ ಹೋಯಿತು. ಚಕ್ರದ ನಟ್ಟು ಬಿಗಿ ಮಾಡಿದೆ, ಹಿಂದಿನ ಟೈರು ಮುಂದಕ್ಕೆ, ಮುಂದಿನದು ಹಿಂದಕ್ಕೆ ಹಾಕಿದೆ, ಗಾಡಿಯ ಅಡಿಯಲ್ಲಿ ಮಲಗಿ ಕೈಗೆ ಸಿಕ್ಕಿದ್ದನ್ನೆಲ್ಲ ಅಲ್ಲಾಡಿಸಿ ನೋಡಿದೆ. ಏನೂ ಇಲ್ಲ.

"ನೋಡಿದ್ರಾ?" ಅಂದ ಅವನು ಅಳುಮೋರೆಯಲ್ಲಿ. "ಅವಳಿಲ್ಲ, ನಡುಕಾನೂ ಇಲ್ಲ."

"ಹಂಗಾರೆ ಅವರನ್ನೂ ಕರ್ಕಂಬಾರಪ್ಪ, ಕೂರಿಸ್ಕಂಡೇ ನೋಡಾನ."

"ಹೆಂಗೆ ಕರ್ಕಂಬರಲಿ ಮಿಸ್ತ್ರಿ? ಗಾಡಿ ರಿಪೇರಿ ಆಗೋಗಂಟ ಅವಳನ್ನ ಗಾಡಿ ಹತ್ತಿಸಬೇಡ ಅಂತ ಅಮ್ಮ ಹೇಳೈತೆ."

ಹೊನ್ನಾಳಿಯವನು ತೆಗೆದ ದೆವ್ವ

ನನ್ನಿಂದ ಆಗಲಿಲ್ಲ ಎಂದು ತಿಳಿದ ಕೂಡಲೇ ಅಮ್ಮಾರು ಕಾರನ್ನು ಹೊನ್ನಾಳಿಗೆ ಕಳಿಸಿದರು. ಅಲ್ಲಿ ಒಬ್ಬ ಮಿಸ್ತ್ರಿ ಇದ್ದ. ಕೆಲಸ ಕೆಟ್ಟದ್ದಲ್ಲ, ಬಾಯಿ ಮಾತ್ರ ಕೆಲಸಕ್ಕಿಂತ ಒಂದು ಕೈ ಮೇಲೆ. ಅವನು ಚಕ್ರ ಬಿಚ್ಚಿ ನೋಡಿದ. ಗದ್ದೆ ದಾರಿಯಲ್ಲಿ ಓಡಾಡಿದ ಕಾರು, ರಿಮ್ಮಿನ ಒಳಗಡೆ ಕಪ್ಪು ಮಣ್ಣು ಮೆತ್ತಿಕೊಂಡು ಒಣಗಿ ಹೆಂಟೆಯಾಗಿತ್ತು. ಒಂದು ಕಡೆ ಭಾರವಾದ ಚಕ್ರ ಜೋರಾಗಿ ತಿರುಗಿದರೆ ಗಾಡಿ ಅದುರುವುದು ಸಹಜ. ಅವನು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ನನಗೆ ಯಾಕೆ ಅದು ಹೊಳೆಯಲಿಲ್ಲ ಎಂದು ಹೊಟ್ಟೆ ಉರಿದದ್ದೂ ನಿಜ.

ಆದರೆ ಅವನು ಮಣ್ಣು ಕೆರೆದು ಸುಮ್ಮನಿರಲಿಲ್ಲ. ಹೆಂಟೆಗಳನ್ನೆಲ್ಲ ಒಂದು ಪೇಪರಿನಲ್ಲಿ ಕಟ್ಟಿ, "ತಗಳ್ರಿ, ನಿಮ್ಮ ದೆವ್ವ. ಅಮ್ಮಾರಿಗೆ ತೋರಿಸ್ರಿ" ಎಂದು ಮಗನ ಕೈಗೆ ಕೊಟ್ಟ. ತಮಾಷೆಗೆ ಅಂದದ್ದು. ಮಗ ಅದನ್ನು ಹಾಗೇ ತಂದು ತಾಯಿಗೆ ಕೊಟ್ಟ. ಅಮ್ಮಾರಿಗೆ ತಮಾಷೆ ಅರ್ಥವಾಗುವುದಿಲ್ಲ. ಪೊಟ್ಟಣವನ್ನು ಬರಿಗೈಯಲ್ಲಿ ಮುಟ್ಟದೆ ಮೊರದಲ್ಲಿ ಇಸಿದುಕೊಂಡು, ಅರಿಶಿನ ಕುಂಕುಮ ಹಾಕಿ, ಎಡೆ ಮಾಡಿ, ಮಾರನೆಯ ದಿನ ಹೊನ್ನಾಳಿಗೆ ವಾಪಸು ಹೋಗಿ ಹೊಳೆಯ ನಡುನೀರಿಗೆ ಬಿಡಿಸಿ ಬಂದರು. ದಾರಿಯಲ್ಲಿ ಯಾರೂ ಹಿಂದಕ್ಕೆ ತಿರುಗಿ ನೋಡುವ ಹಾಗಿರಲಿಲ್ಲವಂತೆ. ಮಗ ಕನ್ನಡಿಯನ್ನೂ ನೋಡದೆ ಅಷ್ಟು ದೂರ ಕಾರು ಓಡಿಸಿದ್ದ.

ಆ ನಂಬಿಕೆಯ ಮೇಲೆ ಸೊಸೆಯನ್ನು ಮತ್ತೆ ತವರಿಗೆ ಹೊರಡಿಸಿದರು. ಹುಡುಗಿ ತಾಯಿಗೆಂದು ಸೀರೆ ತೆಗೆದುಕೊಂಡಿದ್ದಳು, ತಮ್ಮನಿಗೆಂದು ಚೆಂಡು. ಅದೇ ಒಂಟಿ ಬೇವಿನ ಮರ. ಎಂಬತ್ತು ಕೂಡ ಆಗಿರಲಿಲ್ಲ, ಎಪ್ಪತ್ತಕ್ಕೇ ಶುರುವಾಯಿತು. ಈ ಸಲ ಮೊದಲಿಗಿಂತ ಜೋರು. ಹುಡುಗಿ ಮಡಿಲಲ್ಲಿದ್ದ ಸೀರೆ ಪೊಟ್ಟಣವನ್ನು ಗಟ್ಟಿಯಾಗಿ ಹಿಡಿದುಕೊಂಡು ಕಣ್ಣುಮುಚ್ಚಿ ಕೂತಿದ್ದಳಂತೆ. ಗಾಡಿ ತಿರುಗಿತು. ಸೀರೆಯೂ ಚೆಂಡೂ ಚನ್ನಗಿರಿಗೇ ವಾಪಸು ಬಂದವು.

ನನಗೆ ಒಳಗೊಳಗೆ ಖುಷಿ, ಮೇಲೆ ಕನಿಕರ. "ಹೊನ್ನಾಳಿಯವನು ದೆವ್ವ ತೆಗೆದಿದ್ದೀನಿ ಅಂದಿದ್ನಲ್ರಮ್ಮ?" ಎಂದು ಕೇಳಿದೆ.

"ತೆಗೆದಾನೆ, ಸುಳ್ಳಲ್ಲ," ಅಂದರು ಅಮ್ಮಾರು. "ಅದು ಬೇರೆ ಯಾರದೋ ಇರಬೇಕು. ನಮ್ದು ಇಲ್ಲೇ ಐತೆ."

ನ್ಯಾಮತಿ ಅಜ್ಜನ ಮೊಪೆಡ್ಡು

ನ್ಯಾಮತಿ ಕಡೆ ಶಾಸ್ತ್ರ ಹೇಳುವ ಅಜ್ಜ ಒಬ್ಬನಿದ್ದ. ಅಲ್ಲಿಗೆ ಮಗನ ಎದುರಿಗೆ ಹೋಗುವುದು ಅಮ್ಮಾರಿಗೆ ಬೇಡ. ಅದಕ್ಕೆ ನನ್ನನ್ನು ಡ್ರೈವರ್ ಮಾಡಿಕೊಂಡರು. ನನಗೂ ಬೇಕಾಗಿತ್ತು, ದಾರಿಯಲ್ಲಿ ಕಾರನ್ನು ನೋಡಬಹುದಲ್ಲ. ಅಮ್ಮಾರು ಹಿಂದಿನ ಸೀಟಿನಲ್ಲಿ ಒಬ್ಬರೇ ಕೂತಿದ್ದರು. ರಸ್ತೆ ಎಲ್ಲಿ ಸ್ವಲ್ಪ ನೆಟ್ಟಗೆ ಸಿಕ್ಕಿತೋ ಅಲ್ಲೆಲ್ಲ ನಾನು ಕಾಲೊತ್ತಿದೆ. ಮುಳ್ಳು ಎಂಬತ್ತು ದಾಟಿತು. ಅಮ್ಮಾರ ಕೈಯಲ್ಲಿದ್ದ ವೀಳ್ಯದೆಲೆ ಕೂಡ ಅಲುಗಲಿಲ್ಲ.

"ನೋಡಿದ್ಯಾ?" ಅಂದರು ಹಿಂದಿನಿಂದ. ಯಾವತ್ತೂ ಗಿರಣಿಯಂತೆ ಮೊಳಗುವ ದನಿ ಅಂದು ಪಿಸುಮಾತಾಗಿತ್ತು. ನನಗೆ ಅದೇ ಹೆಚ್ಚು ಹೆದರಿಕೆಯಾಯಿತು.

ಅಜ್ಜನ ಮನೆಯೊಳಗೆ ಅವರೊಬ್ಬರೇ ಹೋದರು. ಮಟಮಟ ಮಧ್ಯಾಹ್ನ. ಬೀದಿಯಲ್ಲಿ ಒಂದು ನಾಯಿಯೂ ಇರಲಿಲ್ಲ. ಮುಚ್ಚಿದ ಬಾಗಿಲಿನ ಒಳಗಿಂದ ತೆಳ್ಳನೆಯ ಹೊಗೆ, ಆಗಾಗ ಒಂದು ಗಂಟೆ, ನಡುವೆ ಬಹಳ ಹೊತ್ತು ಏನೂ ಇಲ್ಲ. ಅಮ್ಮಾರು ಹೊರಗೆ ಬಂದಾಗ ಅವರ ಮುಖದಲ್ಲಿ ರಕ್ತವೇ ಇರಲಿಲ್ಲ.

"ಏನಂದ್ರಮ್ಮ?"

"ಹೇಳಂಗಿಲ್ಲ. ಬಾಯಿ ಬಿಟ್ರೆ ಫಲ ಹೋಗ್ತೈತೆ." ಅಷ್ಟು ಹೇಳಿ ಕಾರಿನಲ್ಲಿ ಕೂತರು.

ನಾನು ಸ್ಟಾರ್ಟ್ ಮಾಡುವಷ್ಟರಲ್ಲಿ ಅಜ್ಜನೇ ಹೊರಗೆ ಬಂದ. ಹಣೆತುಂಬ ವಿಭೂತಿ, ಕೆಂಪು ಕಣ್ಣು. ನನ್ನನ್ನು ಬೆರಳು ಮಾಡಿ ಕರೆದ. ಹಿತ್ತಲಿಗೆ ಕರೆದುಕೊಂಡು ಹೋಗಿ ಗೋಣಿಚೀಲ ಸರಿಸಿದ. ಒಳಗೆ ಒಂದು ಹಳೆಯ ಮೊಪೆಡ್ಡು.

"ನೀನು ಮಿಸ್ತ್ರಿ ಅಂತೆ. ಇದು ಸ್ಪೀಡ್ ಹಿಡಿದ್ರೆ ಹ್ಯಾಂಡ್ಲು ಬಡಬಡ ಬಡ್ಕಂತೈತೆ, ನೋಡು."

ಮುಂದಿನ ಚಕ್ರದ ನಟ್ಟು ಸಡಿಲಾಗಿತ್ತು, ಬಿಗಿ ಮಾಡಿಕೊಟ್ಟೆ. ಸುಮ್ಮನಿರಲಾರದೆ ಕೇಳಿಯೇಬಿಟ್ಟೆ, "ಅಲ್ಲಜ್ಜ, ಅಮ್ಮಾರ ಕಾರಿಗೆ ಶಾಸ್ತ್ರ ಹೇಳೀರಿ. ಇದಕ್ಕೂ ಏನಾದ್ರೂ ಮಾಡ್ಕಬಾರದಾ?"

ಅಜ್ಜ ನನ್ನನ್ನು ದಡ್ಡನನ್ನು ನೋಡಿದ ಹಾಗೆ ನೋಡಿದ. "ಇದು ಮಿಷನ್ನು ಕಣಪ್ಪ. ಶಾಸ್ತ್ರಕ್ಕೆಲ್ಲ ಬಗ್ಗಲ್ಲ."

ಬೆನ್ನ ಹಿಂದೆ ತಟ್ಟಿದ್ದು

ಶ್ರಾವಣ ಹತ್ತಿರ ಬಂತು. ಮದುವೆಯಾದ ಮೊದಲ ಪಂಚಮಿ. ಹೆಣ್ಣುಮಕ್ಕಳು ತವರಿಗೆ ಹೋಗಿ ಉಂಡೆ ತಿಂದು ಜೋಕಾಲಿ ಆಡುವ ಹಬ್ಬ. ಒಂದು ಸಂಜೆ ಗಿರಣಿ ಅಮ್ಮಾರ ಮಗ ಹೆಂಡತಿಯನ್ನು ಕರೆದುಕೊಂಡು ಗ್ಯಾರೇಜಿಗೆ ಬಂದ. ಬಳೆ ತೊಡಿಸಿಕೊಂಡು ಬರುತ್ತೇವೆಂದು ಹೇಳಿ ಬಂದಿದ್ದರಂತೆ. ಅವಳನ್ನು ನನ್ನ ಮುಂದೆ ನಿಲ್ಲಿಸಿ ತಾನು ದೂರ ಹೋಗಿ ಒಂದು ಲಾರಿಯ ಟೈರನ್ನು ಬಹಳ ಆಸಕ್ತಿಯಿಂದ ನೋಡತೊಡಗಿದ.

ಹುಡುಗಿ ಸಣ್ಣ ಮೈಯವಳು. ಗಾಳಿ ಬಂದರೆ ಹಾರಿಹೋಗುವಂತಿದ್ದಳು. ಇವಳು ಕೂತರೆ ಒಂದು ಟನ್ನಿನ ಕಾರು ನಡುಗುತ್ತದೆಂದರೆ ನಂಬುವುದು ಹೇಗೆ?

"ಅಣ್ಣಾರೆ, ಒಂದು ಮಾತು ಕೇಳ್ತೀನಿ, ನಗಬಾರದು," ಅಂದಳು. "ಹೋದ ವಾರ ಸಂತೇಬೆನ್ನೂರಿಗೆ ನೆಂಟರ ಮನೆಗೆ ಹೋಗಿದ್ವಿ. ಗಾಡಿ ಮೆಲ್ಲಕೇ ಹೋಗ್ತಿತ್ತು, ನಡುಕ ಇರಲಿಲ್ಲ. ಆದ್ರೆ ತಿರುವು ಬಂದಾಗೆಲ್ಲ ನನ್ನ ಬೆನ್ನ ಹಿಂದೆ ಯಾರೋ ತಟ್ಟಿದಂಗಾಗೋದು. ಸೀಟಿನ ಒಳಗಿಂದ."

"ತಟ್ಟಿದಂಗಂದ್ರೆ?"

ಅವಳು ಗ್ಯಾರೇಜಿನ ಬಾಗಿಲಿನ ಮೇಲೆ ಬೆರಳುಗಂಟಿನಿಂದ ಬಡಿದು ತೋರಿಸಿದಳು. ಒಂದು ಸಲ. ಸ್ವಲ್ಪ ಬಿಟ್ಟು ಇನ್ನೊಂದು ಸಲ. "ಹಿಂಗೆ. ಬಾಗಿಲು ತೆಗೀರಿ ಅಂದಂಗೆ. ಅದಕ್ಕೂ ಮೊದ್ಲು ಏನೋ ಹೊರಳಿದ ಸದ್ದು. ಮಗ್ಗುಲು ಬದಲಾಯಿಸ್ತಾರಲ್ಲ, ಹಂಗೆ."

"ಅತ್ತೆಯವರಿಗೆ ಹೇಳಿದ್ರಾ?"

"ಹೇಳಿದೆ. ಅವರು ನನ್ನ ಬಾಯಿ ಮೇಲೆ ಕೈ ಇಟ್ರು."

ನಾನು ದೆವ್ವ ಗಿವ್ವ ನಂಬುವವನಲ್ಲ ಎಂದು ಊರಿಗೆಲ್ಲ ಹೇಳಿಕೊಂಡು ತಿರುಗುವವನು. ಆದರೂ ಆ ಸಂಜೆ ಬೆಳಕಿನಲ್ಲಿ ಅವಳು ಬಾಗಿಲು ಬಡಿದು ತೋರಿಸಿದ ರೀತಿಗೆ ನನ್ನ ಕೈಕೂದಲು ನಿಂತಿದ್ದವು. ಧೈರ್ಯ ಹೇಳಬೇಕಾದದ್ದು ನಾನು. ಹೇಳಿದೆ, "ಯೋಚ್ನೆ ಮಾಡಬೇಡ್ರಿ. ಎಲ್ಲಾ ಪಾರ್ಟ್ ಹೊಸದು ಹಾಕಿಬಿಡ್ತೀನಿ. ನಡುಕ ತಾನಾಗೇ ನಿಲ್ತೈತೆ."

"ಬೇಡ," ಅಂದಳು ಹುಡುಗಿ. ಮೊದಲ ಸಲ ದನಿ ಗಟ್ಟಿಯಾಗಿತ್ತು. "ಸುಮ್ನೆ ನಿಂತ್ರೆ, ಅಜ್ಜನ ಶಾಸ್ತ್ರಕ್ಕೆ ನಿಲ್ತು ಅಂತಾರೆ. ನನ್ನಾಗೆ ಏನೋ ಇತ್ತು, ಅದನ್ನ ಬಿಡಿಸಿದ್ವಿ ಅಂತಾರೆ. ನಾಳೆ ಎಮ್ಮೆ ಸತ್ರೆ, ಗಿರಣಿ ಬೆಲ್ಟ್ ಹರಿದ್ರೆ, ಅದು ಮತ್ತೆ ಬಂತು ಅಂತಾರೆ. ನನ್ನಿಂದ ನಡುಗ್ತಿಲ್ಲ ಅಂತ ಮೊದ್ಲು ಗೊತ್ತಾಗಬೇಕು ಅಣ್ಣಾರೆ. ಆಮೇಲೆ ಬೇಕಾದ್ರೆ ಗಾಡಿ ಗುಜರಿಗೆ ಹಾಕ್ರಿ. ಪಂಚಮಿಗೆ ನೀವೂ ನಮ್ಮ ಜೊತೆ ಬರಬೇಕು."

ಇಷ್ಟು ಸಣ್ಣ ಹುಡುಗಿಯ ಮೇಲೆ ಒಂದು ಇಡೀ ಕಾರು ಹೊರಿಸಿದ್ದಾರಲ್ಲ ಎಂದು ನನಗೆ ಸಿಟ್ಟು ಬಂತು. "ಬರ್ತೀನಿ, ಬಿಡ್ರಿ" ಅಂದೆ.

"ನಿಮಗೆ ಹೆದರಿಕೆ ಇಲ್ಲ ಅಲ್ವಾ?"

"ಛೇ. ಅದೆಲ್ಲ ನಂಬೋನಲ್ಲ ನಾನು."

"ಹಂಗಾರೆ ಹಿಂದಿನ ಸೀಟಿನಾಗೆ ನನ್ನ ಜಾಗದಾಗೆ ಕುಂತ್ಕಳ್ರಿ. ತಟ್ಟೋದು ನಿಮಗೂ ಗೊತ್ತಾಗ್ತೈತೆ."

ಎಂಜಿನ್ ಸದ್ದು ಕೇಳಬೇಕಾದರೆ ಮುಂದಿನ ಸೀಟೇ ಬೇಕು ಎಂದು ನಾನು ಅವಳಿಗೆ ಬಹಳ ಹೊತ್ತು ವಿವರಿಸಿದೆ.

ಜಗಳೂರು ರಸ್ತೆ

ಪಂಚಮಿಗೆ ಎರಡು ದಿನ ಮೊದಲು ಹೊರಟೆವು. ಮಗ ಸ್ಟೇರಿಂಗ್ ಹಿಡಿದಿದ್ದ, ನಾನು ಅವನ ಪಕ್ಕ. ಹಿಂದೆ ಅತ್ತೆ ಸೊಸೆ. ನನ್ನ ಸಾಮಾನಿನ ಚೀಲ ಇಡಲು ಡಿಕ್ಕಿ ಕಡೆ ಹೋದರೆ ಅಮ್ಮಾರು ಅಡ್ಡ ಬಂದು, "ಕಾಲತ್ರ ಇಟ್ಕೊ. ಅದನ್ನ ತೆಗೆಯಂಗಿಲ್ಲ" ಅಂದರು. ಡಿಕ್ಕಿಯ ಕೀಲಿ ಅವರ ಎಲೆಅಡಿಕೆ ಸಂಚಿಯಲ್ಲಿತ್ತು. ಸೊಸೆಗೆ ಕೊಟ್ಟು ಕಳಿಸುವ ಉಂಡೆಯ ಡಬ್ಬ ಕೂಡ ಡಿಕ್ಕಿಗೆ ಹೋಗದೆ ಅವಳ ತೊಡೆಯ ಮೇಲಿತ್ತು.

ಚನ್ನಗಿರಿ ದಾಟಿದ ಮೊದಲ ತಿರುವಿನಲ್ಲೇ ನನಗೂ ಕೇಳಿಸಿತು. ಹಿಂದೆ ಏನೋ ನಿಧಾನವಾಗಿ ಹೊರಳಿತು. ಆಮೇಲೆ ಧಕ್ ಎಂದು ತಟ್ಟಿತು. ಹಿಂದಿನ ಸೀಟಿನಲ್ಲಿ ಹುಡುಗಿ ಬೆನ್ನನ್ನು ಸೀಟಿಗೆ ತಾಗಿಸದೆ ನೆಟ್ಟಗೆ ಕೂತಿದ್ದಳು. ಅಮ್ಮಾರ ತುಟಿ ಮಾತ್ರ ಅಲುಗುತ್ತಿತ್ತು, ಜಪ.

ದಾವಣಗೆರೆ ದಾಟಿದಾಗ ಹೊತ್ತು ನೆತ್ತಿಗೆ ಬಂದಿತ್ತು. ಜಗಳೂರು ರಸ್ತೆ ನಿಮಗೆ ಗೊತ್ತಿರಬಹುದು. ಎರಡೂ ಕಡೆ ಬಯಲು, ಅಲ್ಲೊಂದು ಇಲ್ಲೊಂದು ಜಾಲಿ ಗಿಡ, ಕಣ್ಣು ಹೋಗುವಷ್ಟು ದೂರ ಒಬ್ಬ ಮನುಷ್ಯನಿಲ್ಲ. ರಸ್ತೆ ನೆಟ್ಟಗಿದ್ದದ್ದರಿಂದ ಮುಳ್ಳು ತಾನಾಗಿ ಏರುತ್ತಿತ್ತು. ಅರವತ್ತು. ಅರವತ್ತೈದು. ನನ್ನ ಪಾದದಡಿಯಲ್ಲಿ ಒಂದು ಗೊಣಗು ಶುರುವಾಯಿತು. ಮನುಷ್ಯ ನಿದ್ದೆಯಲ್ಲಿ ಕನವರಿಸುವ ಹಾಗೆ. ನಂತರ ಬಾಗಿಲು. ನಂತರ ಗಾಜು. ಕನ್ನಡಿಯಲ್ಲಿ ಹಿಂದಿನವರ ಮುಖ ಎರಡಾಯಿತು, ನಾಲ್ಕಾಯಿತು. ಒಂದು ಅಮ್ಮಾರ ಪಕ್ಕ ಇನ್ನೊಂದು ಅಮ್ಮಾರು, ನಡುವೆ ಯಾರೋ ಗುರುತಿಲ್ಲದ ಮೂರನೆಯವರು ಕೂತಂತೆ ಕಂಡಿತು. ಸತ್ಯ ಹೇಳುತ್ತೇನೆ, ಮೆಕ್ಯಾನಿಕ್ಕಿನ ಬುದ್ಧಿ ಆ ಕ್ಷಣ ನನ್ನನ್ನು ಬಿಟ್ಟು ಎಲ್ಲಿಗೋ ಹೋಗಿತ್ತು. ಮನೆದೇವರಿಗೆ ಹರಕೆಯನ್ನೂ ಕಟ್ಟಿಕೊಂಡೆ.

ಬೇವಿನ ಮರ ಬಂತು. "ತಿರುಗ್ಸು" ಅಂದರು ಅಮ್ಮಾರು.

ಮಗ ಗಾಡಿ ನಿಲ್ಲಿಸಿದ. ತಿರುಗಿಸುವ ಮೊದಲೇ ಹಿಂದಿನ ಬಾಗಿಲು ತೆರೆದ ಸದ್ದಾಯಿತು. ಹುಡುಗಿ ಡಬ್ಬ ಹಿಡಿದುಕೊಂಡು ಕೆಳಗೆ ಇಳಿದಿದ್ದಳು.

"ಅತ್ತೆ, ನೀವು ವಾಪಸ್ ಹೋಗ್ರಿ. ನಾನು ನಡ್ಕಂಡು ಹೋಗ್ತೀನಿ. ದಾರ್ಯಾಗೆ ಬಸ್ಸು ಬಂದ್ರೆ ಹತ್ಕಳ್ತೀನಿ. ನಾನು ಇಳಿದ ಮೇಲೆ ಗಾಡಿ ನಡುಗಲಿಲ್ಲ ಅಂದ್ರೆ ನನ್ನನ್ನ ಕರ್ಕಂಬರಾಕೆ ಯಾರನ್ನೂ ಕಳಿಸಬೇಡ್ರಿ. ತವರಾಗೇ ಇರ್ತೀನಿ."

ಅಳಲಿಲ್ಲ. ಅತ್ತಿದ್ದರೆ ಸುಲಭವಿತ್ತು. ಆಗ ಮಗ, ಅಲ್ಲಿಯ ತನಕ ತಾಯಿಯ ಮಾತಿಗೆ ಎದುರು ಆಡದಿದ್ದವನು, ಕೀಲಿಯನ್ನು ಹಾಗೇ ಬಿಟ್ಟು ಇಳಿದ. "ಮಿಸ್ತ್ರಿ, ಅಮ್ಮನ್ನ ನೀವು ಕರ್ಕಂಡು ಹೋಗ್ರಿ. ನಾನು ಇವಳ ಜೊತೆಗೆ ಇರ್ತೀನಿ."

ನನಗೂ ಇಳಿಯಬೇಕೆಂದು ಬಹಳ ಆಸೆಯಿತ್ತು. ಆದರೆ ಗಾಡಿ ಓಡಿಸುವವರು ಯಾರೂ ಉಳಿದಿರಲಿಲ್ಲ. ಸ್ಟೇರಿಂಗ್ ಹಿಡಿದು ಗಾಡಿ ತಿರುಗಿಸಿದೆ. ತಿರುಗಿಸುವಾಗ ಅದು ಮತ್ತೆ ಹೊರಳಿತು. ಈ ಸಲ ತಟ್ಟಿದ್ದು ಅಮ್ಮಾರ ಬೆನ್ನಿಗೆ.

"ಯಾರದು?" ಅಂದರು ಅಮ್ಮಾರು ಮೆಲ್ಲಗೆ.

"ಯಾರೂ ಇಲ್ರಮ್ಮ."

ಅರವತ್ತು. ಅರವತ್ತೈದು. ನನಗೆ ಈ ಸಲ ನಡುಕ ಬರಬೇಕಾಗಿತ್ತು, ಹುಡುಗಿಗಾಗಿ. ಬಂದರೆ ನನ್ನ ಗತಿಯೇನು ಎಂಬ ಭಯವೂ ಇತ್ತು. ಎಪ್ಪತ್ತಕ್ಕೆ ಬಂತು. ಗೊಣಗು, ಬಾಗಿಲು, ಗಾಜು, ಒಂದೂ ಬಿಡದೆ ಎಲ್ಲ ಬಂತು. ಕನ್ನಡಿಯಲ್ಲಿ ಬರೀ ಅಮ್ಮಾರು ಮಾತ್ರ, ಅವರೇ ನಾಲ್ಕು ಜನ ಆಗಿದ್ದರು.

"ನಿಲ್ಸು."

ನಿಲ್ಲಿಸಿದೆ. ಬಯಲಿನಲ್ಲಿ ಎಂಜಿನ್ ತಣಿಯುವ ಟಿಕ್ ಟಿಕ್ ಬಿಟ್ಟರೆ ಸದ್ದಿಲ್ಲ.

"ಅವಳಿಲ್ಲ," ಅಂದರು.

"ಇಲ್ರಿ."

"ಆದ್ರೂ ನಡುಗ್ತು."

"ನಡುಗ್ತುರಿ."

ಅಮ್ಮಾರು ಸಂಚಿ ಬಿಚ್ಚಿ ಎಲೆ, ಅಡಿಕೆ, ಸುಣ್ಣದ ಡಬ್ಬಿ ಎಲ್ಲ ಆಚೆ ತೆಗೆದು, ತಳದಿಂದ ಡಿಕ್ಕಿಯ ಕೀಲಿಯನ್ನು ನನ್ನ ಕೈಗೆ ಕೊಟ್ಟರು. "ನೀನೇ ತೆಗಿ. ನಾನು ನೋಡಲ್ಲ."

ನಾನು ತೆಗೆದೆ. ಒಳಗೆ ಎರಡು ಮೂಟೆ ಹರಳುಪ್ಪು. ಐದಾರು ಬೂದುಗುಂಬಳಕಾಯಿ. ಒದ್ದೆ ಗೋಣಿಯಿಂದ ಅರ್ಧ ಹೊರಗೆ ಬಂದಿದ್ದ, ವಿಭೂತಿ ಬಳಿದ ಒಂದು ದೊಡ್ಡ ಗುಂಡುಕಲ್ಲು. ತಿರುವಿನಲ್ಲಿ ಹೊರಳಿ ಬಂದು ಸೀಟಿಗೆ ತಟ್ಟುತ್ತಿದ್ದವನು ಅವನೇ.

"ಇದೇನ್ರಮ್ಮ?"

"ಉಪ್ಪು ನಾನೇ ಹಾಕಿಸಿದ್ದು, ಯುಗಾದಿಗೆ. ದೃಷ್ಟಿ ಎಳ್ಕಳ್ಲಿ ಅಂತ. ಎರಡನೇ ಸಲಕ್ಕೆ ಇನ್ನೊಂದು ಮೂಟೆ. ಕಲ್ಲು, ಕುಂಬಳಕಾಯಿ ಅಜ್ಜ ಹೇಳಿದ್ದು. ಅದು ಎದ್ದೇಳದಂಗೆ ಭಾರ ಹೇರಬೇಕಂತೆ. ಅವಳು ಗಾಡಿ ಹತ್ತೋಕೆ ಮೊದ್ಲು ಗಿರಣಿ ಹಮಾಲ ಇಡ್ತಿದ್ದ, ಇಳಿದ ಮೇಲೆ ತೆಗೀತಿದ್ದ. ಯಾರಿಗೂ ಹೇಳಂಗಿರಲಿಲ್ಲ."

ನನ್ನ ಬುದ್ಧಿ ಆಗ ವಾಪಸು ಬಂತು. ಕೆಳಗೆ ಬಗ್ಗಿ ನೋಡಿದೆ. ಹಿಂಬದಿ ನೆಲಕ್ಕೆ ಕುಕ್ಕರಿಸಿತ್ತು. ಎಂಜಿನ್ನಿನ ತಿರುಗುವ ಬಲವನ್ನು ಹಿಂದಿನ ಚಕ್ರಕ್ಕೆ ಒಯ್ಯುವ ಉದ್ದನೆಯ ಶಾಫ್ಟಿನ ಕೀಲು ಸವೆದಿತ್ತು. ಗಾಡಿ ಹಗುರವಿದ್ದರೆ ಅದು ನೆಟ್ಟಗೆ ತಿರುಗುತ್ತದೆ, ಸದ್ದಿಲ್ಲ. ಹಿಂದೆ ಭಾರ ಬಿದ್ದರೆ ಕೀಲು ಓರೆಯಾಗುತ್ತದೆ, ವೇಗ ಏರಿದಾಗ ಇಡೀ ಗಾಡಿಯನ್ನು ಒದರುತ್ತದೆ. ಮದುವೆಯ ದಿನ ಡಿಕ್ಕಿ ತುಂಬ ಬೀಗರು ಕೊಟ್ಟ ಹಿತ್ತಾಳೆ ಪಾತ್ರೆ ಇದ್ದವು. ನಡುಗಿತು. ನಡುಗಿತೆಂದು ಉಪ್ಪು ಹೇರಿದರು, ಉಪ್ಪು ಹೇರಿದ್ದಕ್ಕೆ ಮತ್ತೆ ನಡುಗಿತು, ಅದಕ್ಕೆ ಕಲ್ಲು ಹೇರಿದರು. ನನ್ನ ಹತ್ತಿರ ಬರುವಾಗ ಮಾತ್ರ ಕಾರು ತೊಳೆದಿಟ್ಟಷ್ಟು ಖಾಲಿ.

ಇದನ್ನೆಲ್ಲ ಹೇಳಿದಾಗ ಅಮ್ಮಾರು ರಸ್ತೆ ಪಕ್ಕದ ಮೈಲಿಗಲ್ಲಿನ ಮೇಲೆ ಕೂತುಬಿಟ್ಟರು. "ಒಬ್ಬನೇ ಮಗ ಕಣಪ್ಪ," ಅಂದರು. "ಗಾಡಿ ನಡುಗಿದಾಗೆಲ್ಲ ನನ್ನ ಜೀವ ಬಾಯಿಗೆ ಬರ್ತಿತ್ತು. ಯಾರ ಮೇಲಾದ್ರೂ ಹಾಕದಿದ್ರೆ ಹೆಂಗೆ ತಡ್ಕಳ್ಲಿ?" ಸೆರಗಿನಿಂದ ಮುಖ ಒರೆಸಿಕೊಂಡರು. ಆ ಹೊತ್ತು ನನಗೆ ಅವರ ಮೇಲಿನ ಸಿಟ್ಟೂ ಉಳಿಯಲಿಲ್ಲ.

ಉಪ್ಪು, ಕುಂಬಳಕಾಯಿ, ಕಲ್ಲು ಎಲ್ಲವನ್ನೂ ಹಳ್ಳಕ್ಕೆ ಉರುಳಿಸಿ ವಾಪಸು ಬೇವಿನ ಮರದ ಹತ್ತಿರ ಹೋದೆವು. ಗಂಡ ಹೆಂಡತಿ ನೆರಳಲ್ಲಿ ಕೂತು ಡಬ್ಬ ಬಿಚ್ಚಿ ಉಂಡೆ ತಿನ್ನುತ್ತಿದ್ದರು. ನಮ್ಮನ್ನು ನೋಡಿ ಮಗ ಬಾಯಲ್ಲಿದ್ದದ್ದನ್ನು ಹಾಗೇ ನುಂಗಿದ. ಹುಡುಗಿ ಎದ್ದು ನಿಂತು ಅತ್ತೆಯ ಮುಖವನ್ನೇ ನೋಡಿದಳು.

"ನಡುಗ್ತು ಕಣಮ್ಮ," ಅಂದರು ಅಮ್ಮಾರು. "ಹತ್ತು. ನಿಮ್ಮವ್ವ ಬಾಗಿಲಿಗೆ ಕಾಯ್ತಿರ್ತಾಳೆ."

ಅಲ್ಲಿಂದ ಜಗಳೂರಿನ ತನಕ ಮಗ ಎಂಬತ್ತರಲ್ಲೇ ಹೊಡೆದ. ಗಾಡಿ ಹೂವಿನ ಹಾಗೆ ಹೋಯಿತು. ಹುಡುಗಿ ಸೀಟಿಗೆ ಪೂರಾ ಒರಗಿ ಕೂತಿದ್ದಳು. ನಾನು ಮುಂದಿನ ಸೀಟಿನಲ್ಲಿ ಎದೆ ಉಬ್ಬಿಸಿಕೊಂಡಿದ್ದೆ. ಬೀಗರ ಮನೆಯಲ್ಲಿ ನನಗೆ ಏನೇನು ಮರ್ಯಾದೆ ಸಿಗಬಹುದೆಂದು ಲೆಕ್ಕ ಹಾಕುತ್ತಿದ್ದೆ.

ಮನೆ ಮುಂದೆ ಓಣಿಗೆ ಓಣಿಯೇ ನೆರೆದಿತ್ತು. ಎರಡು ಸಲ ಅರ್ಧ ದಾರಿಯಿಂದ ವಾಪಸಾದ ಕಾರಿನ ಸುದ್ದಿ ಅಲ್ಲಿ ಎಲ್ಲರಿಗೂ ಗೊತ್ತಿತ್ತು. ಹುಡುಗಿ ತಾಯಿಯನ್ನು ತಬ್ಬಿಕೊಂಡು ನಿಂತಳು. ಅವಳ ಅಪ್ಪ ಕೈಮುಗಿದು, ಅಂಜುತ್ತಂಜುತ್ತ ಕೇಳಿದರು, "ನಡುಕ ನಿಂತಿತಾ ಬೀಗ್ತಿ? ಏನಾಗಿತ್ತಂತೆ?"

ಎಲ್ಲರೂ ಅಮ್ಮಾರ ಕಡೆ ನೋಡಿದರು. ಉಪ್ಪಿನ ವಿಷಯ ಹೇಳುವಂತಿಲ್ಲ, ಕಲ್ಲಿನ ವಿಷಯವಂತೂ ಬಾಯಿ ಬಿಡುವಂತಿಲ್ಲ. ನಾನು ಗಂಟಲು ಸರಿಮಾಡಿಕೊಂಡು ಶಾಫ್ಟಿನ ಕೀಲಿನ ಬಗ್ಗೆ ಶುರುಮಾಡುವಷ್ಟರಲ್ಲಿ ಅಮ್ಮಾರಿಗೆ ಗಿರಣಿಯ ದನಿ ವಾಪಸು ಬಂತು.

"ನಮ್ಮ ಸೊಸೆ ಕಾಲ್ಗುಣ ಬಂಗಾರದಂಗೈತೆ. ಕೆಟ್ಟಿದ್ದು ಈ ಮಿಸ್ತ್ರಿ ಕೈಗುಣ. ಇವನು ಮುಟ್ಟಿದ್ದೇ ತಪ್ಪಾಗಿತ್ತು."

"ಅಮ್ಮಾರೇ..." ಅಂದೆ.

ಹುಡುಗಿ ತಾಯಿಯ ಹೆಗಲ ಮೇಲಿಂದ ನನ್ನ ಕಡೆ ನೋಡಿದಳು. ಇಷ್ಟು ದಿನಕ್ಕೆ ಮೊದಲ ಸಲ ಅವಳ ಮುಖದಲ್ಲಿ ನಗು ಕಂಡಿತು, ಜೊತೆಗೆ ಸುಮ್ಮನಿರಿ ಎಂಬ ಕಣ್ಸನ್ನೆ. ನಾನು ಬಾಯಿ ಮುಚ್ಚಿಕೊಂಡೆ. ಅವಳ ಅಪ್ಪ ಮಾತ್ರ ಪಾಪ, ನನ್ನ ಪರವಾಗಿ, "ಹಂಗನ್ನಬ್ಯಾಡ್ರಿ, ಒಳ್ಳೆ ಮನುಷ್ಯನಂಗೆ ಕಾಣ್ತಾನೆ" ಅಂದರು.

"ಮನುಷ್ಯ ಒಳ್ಳೆಯವನೇ," ಅಂದರು ಅಮ್ಮಾರು. "ಆದ್ರೆ ಕೈಗುಣ ನೋಡಬೇಕಂದ್ರೆ ಒಂದ್ಸಲ ಚನ್ನಗಿರಿಗೆ ಬನ್ನಿ. ಇವನ ಗ್ಯಾರೇಜಿನಾಗೆ ನಿಂತಿರೋ ಗಾಡಿ ಒಂದಾದ್ರೂ ನೆಟ್ಟಗೈತಾ, ನೀವೇ ನೋಡ್ರಿ."